ಹೊಡೆದಾಟವೇ ಇಲ್ಲದಿದ್ದರೆ ಅದನ್ನು ರೋಲ್ ಪ್ಲೇಯಿಂಗ್ ಗೇಮ್ (ಒಂದು ಪಾತ್ರವಾಗಿ, ಅದರ ಕೌಶಲ ಬೆಳೆಸುತ್ತಾ ಆಡುವ ವಿಡಿಯೋ ಗೇಮ್) ಅನ್ನಬಹುದೇ?

ಖಂಡಿತ ಅನ್ನಬಹುದು. 2019ರಲ್ಲಿ ಬಂದ ‘ಡಿಸ್ಕೋ ಎಲಿಸಿಯಂ’ ಆಡಿದ ಮೇಲೆ ನನಗೆ ಆ ಅನುಮಾನವೇ ಉಳಿಯಲಿಲ್ಲ. ಎಸ್ಟೋನಿಯಾದ ಬರಹಗಾರರು, ಕಲಾವಿದರು ಕೂಡಿ ಕಟ್ಟಿದ ಗೇಮ್ ಇದು. ಕುಡಿದು ನೆನಪು ಕಳೆದುಕೊಂಡ ಪತ್ತೇದಾರ ಒಬ್ಬ, ಬಿಡಿಸಬೇಕಾದ ಕೊಲೆ ಪ್ರಕರಣ ಒಂದು.

ಶುರುವಿನಲ್ಲೇ ತಿರುಗುವ ಫ್ಯಾನಿಗೆ ಸಿಕ್ಕಿಕೊಂಡ ಟೈ ಕಾಣುತ್ತದೆ. ತೆಗೆಯಲು ಕೈಚಾಚಿದಿರಿ ಅನ್ನಿ. ದೇಹಬಲಕ್ಕೆ ಪಾಯಿಂಟ್ ಹಾಕಿರದಿದ್ದರೆ ಅಲ್ಲೇ ಹೃದಯ ನಿಂತು ಆಟ ಮುಗಿದುಹೋಗಬಹುದು!

ಇಲ್ಲಿನ 24 ಕೌಶಲಗಳು ಬರೀ ಅಂಕಿಗಳಲ್ಲ, ತಲೆಯೊಳಗೆ ಮಾತಾಡುವ ದನಿಗಳು. ತರ್ಕ ಒಂದು ಹೇಳಿದರೆ ಅನುಕಂಪ ಇನ್ನೊಂದು ಹೇಳುತ್ತದೆ. ಯಾವುದನ್ನು ಬೆಳೆಸುತ್ತೀರೋ ಅದರ ಮಾತು ಜಾಸ್ತಿ ಕೇಳಿಸುತ್ತದೆ. ಪಾತ್ರವಾಗಿ ಬದುಕುವುದು ಅಂದರೆ ಇದೇ ಅಲ್ಲವೇ? ಕಷ್ಟದ ಕೆಲಸಕ್ಕೆ ಎರಡು ದಾಳ ಉರುಳುತ್ತವೆ. ಎರಡರಲ್ಲೂ ಆರು ಬಿದ್ದರೆ ಗೆಲುವು ಖಚಿತ, ಎರಡರಲ್ಲೂ ಒಂದು ಬಿದ್ದರೆ ಸೋಲು ಖಚಿತ. ಸೋತರೂ ಬಹುಪಾಲು ಕಥೆ ಬೇರೆ ದಾರಿ ಹಿಡಿದು ಮುಂದೆ ಸಾಗುತ್ತದೆ. ಹಾಗಾಗಿ ಸೋತಾಗಲೆಲ್ಲ ಹಿಂದೆ ಉಳಿಸಿಟ್ಟ ಹಂತಕ್ಕೆ (ಸೇವ್) ಮರಳಬೇಡಿ. ನನಗೆ ಅತಿ ಹಿಡಿಸಿದ ಸನ್ನಿವೇಶಗಳು ಸಿಕ್ಕಿದ್ದು ಸೋತಾಗಲೇ.

ಓದುವುದು ಮಾತ್ರ ಬಹಳ. 2021ರ ‘ಫೈನಲ್ ಕಟ್’ ಆವೃತ್ತಿಯಲ್ಲಿ ಸಂಭಾಷಣೆಗೆಲ್ಲ ಧ್ವನಿ ಕೊಟ್ಟಿದ್ದಾರೆ, ಅದನ್ನೇ ತೆಗೆದುಕೊಳ್ಳಿ.