ಪಹಣಿಯಲ್ಲಿ ಹೆಸರಿಲ್ಲದವರ ಪಾಡು

ತುಮಕೂರಿನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: ‘ಕೊರೋನಾ ಕಾಲದಲ್ಲಿ ಸರ್ಕಾರ ರೈತರಿಗೆ ಪುಕ್ಕಟೆ ದುಡ್ಡು ಹಂಚಿತು. ನನ್ನ ಜೊತೆ ಆಫೀಸಿನಲ್ಲಿರುವ ಒಬ್ಬರಿಗೂ ಹೂವಿನ ಪರಿಹಾರ ಬಂತು. ಅವರು ಹೊಲಕ್ಕೆ ಕಾಲಿಟ್ಟು ವರ್ಷಗಳೇ ಆಗಿವೆ. ತೆರಿಗೆ ಕಟ್ಟುವ ನಮಗೆ ಇದೆಂಥ ನ್ಯಾಯ?’

ಪತ್ರಕ್ಕೆ ಧನ್ಯವಾದ. ನೀವು ಕಣ್ಣಾರೆ ಕಂಡದ್ದನ್ನು ಬರೆದಿದ್ದೀರಿ, ಅದು ದೊಡ್ಡದು. ಆದರೆ ಸಿಟ್ಟು ತಪ್ಪು ಜಾಗಕ್ಕೆ ಹೋಗಿದೆ ಸ್ವಾಮಿ.

ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಲಾಕ್‌ಡೌನ್ ಶುರುವಾಗಿದ್ದು 2020ರ ಮಾರ್ಚ್ 25ರಂದು. ಅವತ್ತೇ ಯುಗಾದಿ. ಹೂವಿನವರು ವರ್ಷವಿಡೀ ಕಾಯುವ ಹಬ್ಬ. ಆಮೇಲೆ ಮದುವೆಗಳಿಲ್ಲ, ಜಾತ್ರೆಗಳಿಲ್ಲ, ದೇವಸ್ಥಾನದ ಬಾಗಿಲೂ ಹಾಕಿತ್ತು. ಚಿಕ್ಕಬಳ್ಳಾಪುರದ ಕಡೆ ಒಬ್ಬ ಹೆಣ್ಣುಮಗಳು ಸೇವಂತಿಗೆ ಬಿಡಿಸಿ ಬಿಡಿಸಿ ಬದುವಿಗೆ ಸುರಿಯುತ್ತಿದ್ದುದನ್ನು ನೋಡಿದ್ದೇನೆ. ಬಿಡಿಸದಿದ್ದರೆ ಗಿಡ ಸೊರಗುತ್ತದೆ, ಬಿಡಿಸಿದರೆ ಕೊಳ್ಳುವವರಿಲ್ಲ. ‘ಭೂಮಿ ನಮ್ಮದಲ್ಲ ಸಾರ್, ಗುತ್ತಿಗೆಗೆ ಮಾಡಿದ್ದೀವಿ’ ಅಂದರು. ಗೊಬ್ಬರ, ಔಷಧಿ, ಆಳು, ಎಲ್ಲಾ ಖರ್ಚೂ ಅವರದೇ.

ಮೇ ತಿಂಗಳಲ್ಲಿ ಯಡಿಯೂರಪ್ಪನವರ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಹೂವಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿಗೆ ಮಾತ್ರ. ಬೇಗ ಘೋಷಿಸಿದ್ದು ಒಳ್ಳೆಯದೇ. ದಾಖಲೆ ಕೇಳದೆ ಹಂಚಿದರೆ ಕಳ್ಳರ ಪಾಲಾಗುತ್ತದೆ ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿ, ಹೆಕ್ಟೇರೆಂದರೆ ಸುಮಾರು ನೂರು ಗುಂಟೆ, ಗುಂಟೆಗೆ ಸುಮಾರು 250 ರೂಪಾಯಿ ಆಯಿತು. ಹತ್ತು ಗುಂಟೆ ಕನಕಾಂಬರ ಬೆಳೆದವರಿಗೆ 2,500. ಇದನ್ನು ಪುಕ್ಕಟೆ ದುಡ್ಡು ಅಂತೀರಾ? ಮರುವರ್ಷ ಎರಡನೇ ಅಲೆ ಬಂದಾಗ ಅದೂ ಹೆಕ್ಟೇರಿಗೆ 10,000ಕ್ಕೆ ಇಳಿಯಿತು.

ಹೂವಿನ ಆ ಇಷ್ಟೇ ದುಡ್ಡೂ ಪಹಣಿಯಲ್ಲಿ, ಅಂದರೆ ಜಮೀನಿನ ಸರ್ಕಾರಿ ದಾಖಲೆಯಲ್ಲಿ, ಹೆಸರಿದ್ದವರ ಖಾತೆಗೆ ಹೋಯಿತು. ನಿಮ್ಮ ಆಫೀಸಿನವರಿಗೆ ಬಂದದ್ದು ಹೀಗೇ ಅಲ್ವಾ? ಅವರ ಜಮೀನಿನಲ್ಲಿ ಹೂವು ಇತ್ತು ಅಂದಮೇಲೆ ಯಾರೋ ಬೆಳೆದಿರಲೇಬೇಕು. ನೀವು ಕೇಳಬೇಕಾದದ್ದು ಆ ‘ಯಾರೋ’ ಬಗ್ಗೆ.

ಕರ್ನಾಟಕದಲ್ಲಿ 1974ರ ಭೂಸುಧಾರಣೆ ಭೂಮಿಯನ್ನು ಬೇರೆಯವರಿಗೆ ಉಳಲು ಕೊಡುವ ಗೇಣಿಯನ್ನೇ ನಿಷೇಧಿಸಿತು. ಅದರಿಂದ ಲಕ್ಷಾಂತರ ಗೇಣಿದಾರರು ಭೂಮಿಯ ಒಡೆಯರಾದರು, ಅದು ಈ ನಾಡಿನ ಹೆಮ್ಮೆ. ಆದರೆ ಗುತ್ತಿಗೆಯಾಗಲಿ, ಬೆಳೆಯಲ್ಲಿ ಪಾಲು ಹಂಚಿಕೊಳ್ಳುವ ಕೋರಾಗಲಿ ನಿಲ್ಲಲಿಲ್ಲ. ಬಾಯಿಮಾತಿನಲ್ಲಿ ನಡೆಯುತ್ತಲೇ ಇವೆ. ಕಾಗದ ಕೊಟ್ಟರೆ ಭೂಮಿ ಕೈಬಿಟ್ಟೀತು ಅಂತ ಮಾಲೀಕರಿಗೆ ಭಯ. ಕಾಗದ ಇಲ್ಲದವರಿಗೆ ಬೆಳೆ ಸಾಲ ಸಿಗುವುದು ಕಷ್ಟ, ವರ್ಷಕ್ಕೆ 6,000 ಕೊಡುವ ಪಿಎಂ ಕಿಸಾನ್ ಸಿಗುವುದೇ ಇಲ್ಲ. ರೈತರಿಗೆ ನೆರವು ಕೊಡಲೆಂದು ತಂದ ಒಡಿಶಾದ ಕಾಲಿಯಾ ಯೋಜನೆ ಭೂಮಿ ಇಲ್ಲದ ಕೃಷಿ ಕುಟುಂಬಗಳನ್ನೂ ಸೇರಿಸಿಕೊಂಡಿತು. ಆಂಧ್ರದಲ್ಲಿ 2019ರಲ್ಲಿ ಬೆಳೆ ಬೆಳೆಯುವವರ ಹಕ್ಕಿಗೆಂದೇ ಕಾನೂನು ಬಂತು. ನಮ್ಮಲ್ಲಿ ಅದೇ ಕೊರೋನಾ ವರ್ಷ ಏನಾಯಿತು? ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ ಭೂಸುಧಾರಣೆ ಕಾಯ್ದೆಗೆ ಸುಗ್ರೀವಾಜ್ಞೆಯಲ್ಲೇ ತಿದ್ದುಪಡಿ ತಂದರು. ಕೊಳ್ಳುವವರಿಗೆ ಇಷ್ಟು ಅವಸರ ತೋರಿಸಿದವರು ಉಳುವವರ ಕಡೆ ತಿರುಗಿ ನೋಡಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ಪಹಣಿಯ 12ನೇ ಕಲಂ ಇರುವುದೇ ಸಾಗುವಳಿದಾರರ ಹೆಸರು ಬರೆಯಲು. ಮಾಲೀಕರ ಹಕ್ಕಿಗೆ ಧಕ್ಕೆ ಬರುವುದಿಲ್ಲ ಅಂತ ಕಾನೂನಿನಲ್ಲೇ ಬರೆದುಕೊಟ್ಟು, ಆ ಕಲಮಿನಲ್ಲಿ ನಿಜವಾಗಿ ಉತ್ತವರ ಹೆಸರು ತುಂಬಲಿ. ನಿಮ್ಮ ಮುಂದಿನ ಪತ್ರ ಕಂದಾಯ ಸಚಿವರಿಗೆ ಹೋಗಲಿ. ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ, ಖಂಡಿತ ಅಚ್ಚು ಹಾಕುತ್ತೇವೆ.

— ಸಂಪಾದಕ