ಓದುಗರ ಪ್ರಶ್ನೆಗೆ ಉತ್ತರ: ಸಹಿ ಇರುವ ಭಾವಚಿತ್ರಗಳು

ಪ್ರಶ್ನೆ: ಮುಂಬಯಿಯ ಚೋರ್ ಬಜಾರಿನಲ್ಲಿ ಗಾಯಕ, ನಟ ಕೆ. ಎಲ್. ಸೈಗಲ್ ಅವರ ಸಹಿಯುಳ್ಳ ಕಪ್ಪು ಬಿಳುಪು ಭಾವಚಿತ್ರವೊಂದು ಮಾರಾಟಕ್ಕಿದೆ. ಸಹಿ ದಪ್ಪ ಕಪ್ಪು ಅಕ್ಷರಗಳಲ್ಲಿದೆ. ಅಂಗಡಿಯವರು ಎಂಟು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಅದು ಅಸಲಿಯೇ ಎಂದು ತಿಳಿಯುವುದು ಹೇಗೆ?
(ಡೊಂಬಿವಲಿಯ ಓದುಗರು)

ಉತ್ತರ: ಹಣ ಕೊಡುವ ಮೊದಲೇ ಬರೆದು ಕೇಳಿದ್ದು ಒಳ್ಳೆಯದಾಯಿತು. ಸೈಗಲ್ ಅವರು 1941ರ ಕೊನೆಯಲ್ಲಿ ಕಲ್ಕತ್ತೆಯಿಂದ ಮುಂಬಯಿಗೆ ಬಂದು ಇಲ್ಲಿಯ ಚಿತ್ರಗಳಲ್ಲಿ ನಟಿಸಿದವರು. ಆದ್ದರಿಂದ ಅವರ ಸಹಿ ಇರುವ ಚಿತ್ರ ಈ ಊರಿನ ಯಾವುದೋ ಹಳೆಯ ಮನೆಯ ಟ್ರಂಕಿನಿಂದ ಹೊರಬರುವುದು ಅಸಂಭವವೇನಲ್ಲ. ಆದರೆ ಅವರು ತೀರಿಕೊಂಡದ್ದು 1947ರ ಜನವರಿ 18ರಂದು. ಈ ತಾರೀಖನ್ನೇ ಅಳತೆಗೋಲಾಗಿ ಇಟ್ಟುಕೊಂಡು ಚಿತ್ರವನ್ನು ನೋಡಬೇಕು.

ಮೊದಲನೆಯದು ಶಾಯಿ. ನೀವು ಹೇಳುವ ದಪ್ಪ ಅಕ್ಷರಗಳು ಮಾರ್ಕರ್ ಪೆನ್ನಿನವಾಗಿದ್ದರೆ ವಿಚಾರ ಅಲ್ಲಿಗೇ ಮುಗಿಯಿತು, ಏಕೆಂದರೆ ಅಂಥ ಪೆನ್ನುಗಳು ಜನರ ಕೈಗೆ ಬಂದದ್ದು 1950ರ ದಶಕದಿಂದ ಈಚೆಗೆ. ಬಾಲ್‌ಪೆನ್ ಕೂಡ ಅಮೆರಿಕದ ಅಂಗಡಿಗಳನ್ನು ತಲುಪಿದ್ದು 1945ರ ಅಕ್ಟೋಬರಿನಲ್ಲಿ. ಆ ಕಾಲದ ಸಹಿಯಲ್ಲಿ ಶಾಯಿ ಪೆನ್ನಿನ ಗುರುತುಗಳನ್ನು ಹುಡುಕಬೇಕು: ನಿಬ್ಬು ತಿರುಗಿದಲ್ಲಿ ಗೆರೆ ತೆಳುವಾಗುತ್ತದೆ, ಒತ್ತಿದಲ್ಲಿ ಅಗಲವಾಗುತ್ತದೆ, ನುಣುಪಾದ ಚಿತ್ರದ ಮೇಲೆ ಶಾಯಿ ಅಲ್ಲಲ್ಲಿ ಹನಿಗಟ್ಟಿ ಒಣಗಿರುತ್ತದೆ. ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನಿಜವಾದ ಶಾಯಿ ಮೇಲ್ಮೈಯ ಮೇಲೆ ಬೇರೆಯಾಗಿಯೇ ಕಾಣುತ್ತದೆ. ಸಹಿಗೆ ತನ್ನದೇ ಹೊಳಪಾಗಲಿ ಮಂಕಾಗಲಿ ಇಲ್ಲದೆ ಅದು ಚಿತ್ರದೊಳಗೇ ಬೆರೆತಂತಿದ್ದರೆ, ಸಹಿ ಮಾಡಿದ ಬೇರೊಂದು ಚಿತ್ರದ ಪ್ರತಿ ತೆಗೆದಿದ್ದಾರೆಂದು ತಿಳಿಯಬಹುದು. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಫೋಟೋ ಅಲ್ಲ, ಮುದ್ರಣಾಲಯದ ಹಾಳೆ.

ಎರಡನೆಯದು ಕಾಗದ. ನೋಟುಗಳನ್ನು ಪರೀಕ್ಷಿಸಲು ಬಳಸುವ ನೇರಳಾತೀತ ಬೆಳಕಿನ ಸಣ್ಣ ಟಾರ್ಚನ್ನು ಕತ್ತಲಲ್ಲಿ ಚಿತ್ರದ ಬಿಳಿಯ ಅಂಚಿನ ಮೇಲೆ ಹಿಡಿಯಿರಿ. ಫೋಟೋ ಕಾಗದದ ಬಿಳುಪನ್ನು ಹೆಚ್ಚಿಸುವ ರಾಸಾಯನಿಕವನ್ನು ಸೇರಿಸತೊಡಗಿದ್ದು ಸುಮಾರು 1950ರ ದಶಕದಲ್ಲಿ. ಅಂಥ ಕಾಗದ ಈ ಬೆಳಕಿಗೆ ನೀಲಿ ಬೆರೆತ ಬಿಳಿಯಾಗಿ ಪ್ರಜ್ವಲಿಸುತ್ತದೆ. ಹಾಗೆ ಹೊಳೆಯುವ ಕಾಗದದ ಮೇಲೆ ಸೈಗಲ್ ಅವರು ಸಹಿ ಮಾಡಿರಲು ಸಾಧ್ಯವಿಲ್ಲ. ಹೊಳೆಯದಿದ್ದರೂ ಅಸಲಿ ಎಂದು ಒಪ್ಪಿಕೊಳ್ಳಬೇಡಿ; ಹಳೆಯ ಚಿತ್ರದ ಮೇಲೆ ಹೊಸ ಸಹಿ ಹಾಕುವವರೂ ಇದ್ದಾರೆ. ಅಂಗಡಿಯವರು ಈ ಪರೀಕ್ಷೆಗಳಿಗೆ ಒಪ್ಪದಿದ್ದರೆ ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ.

ಪ್ರಶ್ನೆ: 1970ರ ದಶಕದಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿದ್ದ ನಮ್ಮ ತಂದೆಯವರು ಪಂಡಿತ ಭೀಮಸೇನ ಜೋಶಿಯವರ ಭಾವಚಿತ್ರದ ಮೇಲೆ ಅವರಿಂದಲೇ ಸಹಿ ಪಡೆದಿದ್ದರು. ಈ ಮಳೆಗಾಲದಲ್ಲಿ ಅದರ ಮೂಲೆಗೆ ಬಿಳಿ ಬೂಷ್ಟು ಹಿಡಿದಿದೆ. ಲ್ಯಾಮಿನೇಷನ್ ಮಾಡಿಸಬಹುದೇ?
(ಮಾಟುಂಗಾದ ಓದುಗರು)

ಉತ್ತರ: ದಯವಿಟ್ಟು ಮಾಡಿಸಬೇಡಿ. ಲ್ಯಾಮಿನೇಷನ್ ಎಂದರೆ ಬಿಸಿ ಮತ್ತು ಅಂಟು. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಚಿತ್ರಕ್ಕೆ ಗಾಯವಾಗದಂತೆ ಬಿಡಿಸಲಾಗುವುದಿಲ್ಲ, ಒಳಗೆ ಉಳಿದ ತೇವವೂ ಬೂಷ್ಟೂ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಒದ್ದೆ ಬಟ್ಟೆಯಿಂದಲೂ ಒರೆಸಬೇಡಿ. ಕಪ್ಪು ಬಿಳುಪು ಚಿತ್ರದ ಮೇಲ್ಪದರ ಜೆಲಟಿನ್ನಿನದು. ನೀರು ತಾಗಿದರೆ ಅದು ಉಬ್ಬುತ್ತದೆ, ಶಾಯಿಯ ಸಹಿ ಕದಡಿಹೋಗುತ್ತದೆ. ಮಳೆಯಿಲ್ಲದ ದಿನ, ನೆರಳಿನಲ್ಲಿ ಗಾಳಿಗಿಟ್ಟು ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೃದುವಾದ ಒಣ ಕುಂಚದಿಂದ ಸಹಿಯ ಭಾಗವನ್ನು ಮುಟ್ಟದೆ ಬೂಷ್ಟನ್ನು ಹಗುರವಾಗಿ ಸರಿಸಿ.

ಮುಂಬಯಿಯ ಮಳೆಗಾಲದಲ್ಲಿ ಚಿತ್ರಗಳನ್ನು ಕಾಪಾಡುವುದು ಸುಲಭವಲ್ಲವೆಂದು ಅನುಭವದಿಂದ ಬಲ್ಲೆ. ಗಿರ್‌ಗಾಂವಿನ ಚಾಳಿನಲ್ಲಿದ್ದಾಗ ನಾನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದ ಒಂದು ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿದೆ. ಗಾಜು ಚಿತ್ರಕ್ಕೆ ನೇರವಾಗಿ ತಾಗಿತ್ತು. ಎರಡು ಮಳೆಗಾಲ ಕಳೆದು ಬಿಚ್ಚಿದಾಗ ಮುಖದ ಅರ್ಧ ಭಾಗ ಗಾಜಿಗೇ ಅಂಟಿ ಬಂತು. ಆ ನೋವು ಇಂದಿಗೂ ಹೋಗಿಲ್ಲ. ಚೌಕಟ್ಟು ಬೇಕೇ ಬೇಕೆಂದರೆ ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ರಟ್ಟಿನ ಅಂಚು ಇರಲಿ. ಅದಕ್ಕಿಂತ ಉತ್ತಮವೆಂದರೆ ಚಿತ್ರವನ್ನು ಸ್ಕ್ಯಾನ್ ಮಾಡಿಸಿ, ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಆಮ್ಲರಹಿತ ಕಾಗದದಲ್ಲಿ ಅಥವಾ ಪಾಲಿಯೆಸ್ಟರ್ ಲಕೋಟೆಯಲ್ಲಿ ಇಡುವುದು. ಅಂಟಿನ ಹಾಳೆಗಳ ಆಲ್ಬಮ್ ಮತ್ತು ಪಿವಿಸಿ ಲಕೋಟೆ ಎರಡೂ ಬೇಡ. ಬೀರುವನ್ನು ಮಳೆ ಬಡಿಯುವ ಗೋಡೆಗೆ ಒರಗಿಸಬೇಡಿ. ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಿ.

ಇನ್ನೊಂದು ಕೋರಿಕೆ. ಗದಗಿನಲ್ಲಿ ಹುಟ್ಟಿದ ಭೀಮಸೇನರು ಕುಂದಗೋಳದ ತಮ್ಮ ಗುರುಗಳ ಸ್ಮರಣೆಗಾಗಿ ಪುಣೆಯಲ್ಲಿ ಕಟ್ಟಿ ಬೆಳೆಸಿದ ಉತ್ಸವ ಅದು, 1953ರಿಂದ ನಡೆದುಬಂದದ್ದು. ಅಲ್ಲಿ ನಿಮ್ಮ ತಂದೆಯವರು ಯಾವ ವರ್ಷ, ಯಾರ ಜೊತೆ ಹೋಗಿದ್ದರು, ಸಹಿ ಕೇಳಿದಾಗ ಪಂಡಿತರು ಏನೆಂದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬೇರೆ ಹಾಳೆಯಲ್ಲಿ ಬರೆದು ಚಿತ್ರದೊಂದಿಗೆ ಇಡಿ. ಚಿತ್ರದ ಬೆನ್ನಿಗೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತಿದ ಗೆರೆ ಮುಂಭಾಗದಲ್ಲಿ ಮೂಡುತ್ತದೆ. ಈ ಕೆಲಸವನ್ನು ಇದೇ ವಾರ ಮಾಡಿ.

ಪ್ರಶ್ನೆ: ನಾನು ಪುಣೆಯಲ್ಲಿ ಓದುತ್ತಿರುವ ವಿದ್ಯಾರ್ಥಿ. ಪ್ರಸಿದ್ಧರಿಗೆ ಅಂಚೆಯಲ್ಲಿ ಭಾವಚಿತ್ರ ಕಳಿಸಿ ಸಹಿ ಕೇಳುವುದು ಉದ್ಧಟತನವಾಗುತ್ತದೆಯೇ?
(ಪುಣೆಯ ಓದುಗರು)

ಉತ್ತರ: ಖಂಡಿತ ಇಲ್ಲ. ಗಾಂಧೀಜಿಯವರೂ ಹರಿಜನ ನಿಧಿಗೆ ಐದು ರೂಪಾಯಿ ಪಡೆದು ಸಹಿ ಹಾಕಿಕೊಡುತ್ತಿದ್ದರು. ನೀವು ಸಹಿ ಕೇಳುವವರ ಯಾವ ಕೆಲಸ ನಿಮ್ಮನ್ನು ಮುಟ್ಟಿತು ಎಂದು ಕೈಬರಹದಲ್ಲಿ ಒಂದು ಪುಟ ಬರೆಯಿರಿ; ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ, ಚಿತ್ರ ಮಡಿಚದಂತೆ ರಟ್ಟನ್ನೂ ಜೊತೆಗಿಡಿ. ಉತ್ತರ ಬಾರದಿದ್ದರೆ ಬೇಸರಪಡಬೇಡಿ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್, ತಮ್ಮ ಸಹಿಗಳು ಮಾರಾಟದ ಸರಕಾದದ್ದನ್ನು ಕಂಡು 1994ರಿಂದ ಸಹಿ ಹಾಕುವುದನ್ನೇ ನಿಲ್ಲಿಸಿದ್ದರು. ಸಹಿ ಬಂದರೆ ಅದೇ ವ್ಯಕ್ತಿಯ ಬೇರೊಂದು ಸಹಿಯೊಂದಿಗೆ ಹೋಲಿಸಿ ನೋಡಿ: ಎರಡೂ ಒಂದರ ಮೇಲೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಅದು ಸಹಿ ಹಾಕುವ ಯಂತ್ರದ ಕೆಲಸ. ಮನುಷ್ಯರ ಕೈ ಹಾಗೆ ಎರಡು ಬಾರಿ ಬರೆಯುವುದಿಲ್ಲ. ಚಿತ್ರ ಬಂದ ಲಕೋಟೆಯನ್ನು ಮಾತ್ರ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ಊರು ಮತ್ತು ತಾರೀಖು ನಿಮ್ಮ ಚಿತ್ರಕ್ಕೆ ಸಾಕ್ಷಿಯಾಗುತ್ತವೆ.