ಅಪ್ಪನ ಶ್ವಾಸಕೋಶದ ನೀರನ್ನು ಸೂಜಿ ಹಾಕಿ ಯಾಕೆ ತೆಗೆಯಲಿಲ್ಲ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ಅಪ್ಪನಿಗೆ 54 ವರ್ಷ. ತೋಟದಲ್ಲಿ ಕಳೆ ತೆಗೆಸಿ ಹತ್ತು ದಿನಕ್ಕೆ ಜ್ವರ ಬಂತು. ಊರಲ್ಲೇ ಇಂಜೆಕ್ಷನ್ ಹಾಕಿಸಿದೆವು. ಆರನೇ ದಿನ ಏದುಸಿರು. ಹಾಸನದ ಆಸ್ಪತ್ರೆ ಮುಟ್ಟುವಾಗ ಬೆರಳಿನ ಮೀಟರ್‌ನಲ್ಲಿ ಆಕ್ಸಿಜನ್ 78 ಇತ್ತು. ‘ಎಆರ್‌ಡಿಎಸ್, ಶ್ವಾಸಕೋಶದಲ್ಲಿ ನೀರು ತುಂಬಿದೆ’ ಎಂದು ಒಂಬತ್ತು ದಿನ ವೆಂಟಿಲೇಟರ್‌ನಲ್ಲಿ ಇಟ್ಟರು. ದಿನಕ್ಕೆ ಹದಿನಾರು ಗಂಟೆ ಬೋರಲು ಮಲಗಿಸುತ್ತಿದ್ದರು. ನನ್ನ ದೊಡ್ಡಪ್ಪನಿಗೆ ಹಿಂದೊಮ್ಮೆ ಬೆನ್ನಿಗೆ ಸೂಜಿ ಹಾಕಿ ಒಂದು ಲೀಟರ್ ನೀರು ತೆಗೆದಿದ್ದರು. ಅಪ್ಪನಿಗೆ ಯಾಕೆ ಹಾಗೆ ಮಾಡಲಿಲ್ಲ? ಮೂರನೇ ದಿನ ಮೈ ಒರೆಸುವಾಗ ನರ್ಸ್‌ಗೆ ಉಡಿದಾರದ ಕೆಳಗೆ ಒಂದು ಕಪ್ಪು ಹಕ್ಕಳೆ ಕಂಡಿತು. ಆಮೇಲೆ ಸ್ಕ್ರಬ್ ಟೈಫಸ್ ಎಂದು ಗೊತ್ತಾಯಿತು. ಡಿಸ್ಚಾರ್ಜ್ ಹಾಳೆಯಲ್ಲಿ ‘ಪಿ/ಎಫ್ 90’ ಎಂದಿದೆ, ಅದೇನು? ಈಗ ಅಪ್ಪ ಮನೆಯಲ್ಲಿದ್ದಾರೆ. ‘ಇನ್ನು ಶ್ವಾಸಕೋಶ ಹೋದ ಹಾಗೇ’ ಅಂತಾರೆ ನೆಂಟರು. ನಿಜವಾ ಡಾಕ್ಟ್ರೇ?

ಉತ್ತರ: ನಿಮ್ಮ ದೊಡ್ಡಪ್ಪನ ನೀರು ಬೇರೆ, ಅಪ್ಪನ ನೀರು ಬೇರೆ ಅಮ್ಮಾ. ದೊಡ್ಡಪ್ಪನಿಗೆ ನೀರು ನಿಂತದ್ದು ಶ್ವಾಸಕೋಶದ ಹೊರಗೆ, ಅದಕ್ಕೂ ಪಕ್ಕೆಲುಬಿಗೂ ನಡುವೆ. ಕೊಡದಲ್ಲಿ ನಿಂತ ಹಾಗೆ ಒಂದೇ ಕಡೆ ಇರುತ್ತದೆ, ಸೂಜಿಗೆ ಸಿಗುತ್ತದೆ. ಅಪ್ಪನಿಗೆ ತುಂಬಿದ್ದು ಶ್ವಾಸಕೋಶದ ಒಳಗಿನ ಗಾಳಿಗೂಡುಗಳಲ್ಲಿ. ಕೋಟಿಗಟ್ಟಲೆ ಇರುವ, ಸಾಸಿವೆ ಕಾಳಿಗಿಂತ ಸಣ್ಣ ಗೂಡುಗಳು ಅವು. ನೆನೆದ ಸ್ಪಂಜಿಗೆ ಸೂಜಿ ಚುಚ್ಚಿದರೆ ನೀರು ಬರುತ್ತದಾ? ಹಾಗೇ ಇದು.

ಈ ಗೂಡುಗಳ ಸುತ್ತ ಕೂದಲಿಗಿಂತ ತೆಳುವಾದ ರಕ್ತನಾಳಗಳಿವೆ. ಸೋಂಕಿನ ಉರಿಯೂತಕ್ಕೆ ಅವು ಸೋರತೊಡಗುತ್ತವೆ, ಗೂಡುಗಳಲ್ಲಿ ನೀರು ತುಂಬುತ್ತದೆ. ಎಆರ್‌ಡಿಎಸ್ ಅನ್ನುವುದು ಇದಕ್ಕೇ. ಹೃದಯ ಸೋತರೂ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದು ಹೃದಯದ್ದಲ್ಲ ಎಂದು ಖಚಿತ ಮಾಡಿಕೊಳ್ಳುವುದಕ್ಕೇ ಸಾಮಾನ್ಯವಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತಾರೆ. 1967ರಲ್ಲಿ ಅಮೆರಿಕದ ವೈದ್ಯರು ಇಂಥ 12 ರೋಗಿಗಳ ಬಗ್ಗೆ ಬರೆದಾಗಲೇ ಒಂದು ವಿಷಯ ಎದ್ದು ಕಂಡಿತ್ತು. ಒಬ್ಬೊಬ್ಬರಿಗೆ ಒಂದೊಂದು ಕಾರಣ, ಆದರೆ ಶ್ವಾಸಕೋಶ ಕೆಟ್ಟ ರೀತಿ ಒಂದೇ. ನ್ಯುಮೋನಿಯಾ, ರಕ್ತಕ್ಕೆ ಹರಡಿದ ಸೋಂಕು, ವಾಂತಿ ಶ್ವಾಸನಾಳಕ್ಕೆ ಇಳಿಯುವುದು, ಮೇದೋಜೀರಕ ಗ್ರಂಥಿಯ ಊತ, ಅಪಘಾತ, ಯಾವುದರಿಂದಲೂ ಆಗಬಹುದು. ಮಲೆನಾಡಿನಲ್ಲಾದರೆ ಸ್ಕ್ರಬ್ ಟೈಫಸ್, ಇಲಿ ಜ್ವರ, ಎಚ್1ಎನ್1 ಇವನ್ನೂ ಮೊದಲೇ ನೆನೆಯಬೇಕು. ಕೋವಿಡ್ ಕಾಲದಲ್ಲಿ ವೆಂಟಿಲೇಟರ್ ಹಾಕಿಸಿಕೊಂಡ ತುಂಬಾ ಜನರಿಗೆ ಆಗಿದ್ದೂ ಇದೇ.

ಪಿ/ಎಫ್ ಅಂದರೆ ರಕ್ತದಲ್ಲಿ ಸಿಕ್ಕ ಆಕ್ಸಿಜನ್ ಎಷ್ಟು, ಅದಕ್ಕಾಗಿ ಕೊಟ್ಟದ್ದೆಷ್ಟು ಅನ್ನುವ ಲೆಕ್ಕ. ಉದಾಹರಣೆಗೆ, ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಶೇ 21. ಆರೋಗ್ಯವಂತರ ರಕ್ತದಲ್ಲಿ ಅದರ ಒತ್ತಡ ಸುಮಾರು 95 ಇರುತ್ತದೆ. 95ನ್ನು 0.21ರಿಂದ ಭಾಗಿಸಿದರೆ 450ರ ಆಸುಪಾಸು ಬರುತ್ತದೆ. ಅದೇ ಶೇ 80 ಆಕ್ಸಿಜನ್ ಕೊಟ್ಟರೂ ರಕ್ತದಲ್ಲಿ 72 ಮಾತ್ರ ಇದ್ದರೆ ಲೆಕ್ಕ 90ಕ್ಕೆ ಇಳಿಯುತ್ತದೆ. 300ಕ್ಕಿಂತ ಕೆಳಗೆ ಬಂದರೆ ಎಆರ್‌ಡಿಎಸ್ ಎಂದು ಯೋಚಿಸುತ್ತೇವೆ, 100ಕ್ಕಿಂತ ಕೆಳಗಾದರೆ ತೀವ್ರ. ರಕ್ತವು ನೀರು ತುಂಬಿದ ಗೂಡುಗಳ ಪಕ್ಕದಲ್ಲಿ ಹರಿದು ಗಾಳಿ ಮುಟ್ಟದೆಯೇ ವಾಪಸ್ ಬರುತ್ತದೆ. ಹಾಗಾಗಿ ಸಿಲಿಂಡರ್ ಎಷ್ಟು ಜಾಸ್ತಿ ತಿರುಗಿಸಿದರೂ ಪ್ರಯೋಜನ ಕಡಿಮೆ.

ವೆಂಟಿಲೇಟರ್ ಈ ನೀರನ್ನು ಹೀರುವುದಿಲ್ಲ. ಸೋರಿಕೆ ನಿಂತು, ಗೂಡುಗಳು ತಾವೇ ಒಣಗುವ ತನಕ ಉಸಿರು ನಡೆಸಿಕೊಡುತ್ತದೆ, ಅಷ್ಟೇ. ಅಲ್ಲೂ ಒಂದು ಅಪಾಯವಿದೆ. ತೆರೆದೇ ಉಳಿದಿರುವ ಗೂಡುಗಳು ಕೆಲವೇ ಕೆಲವು. ಮಾಮೂಲಿನಷ್ಟು ಗಾಳಿ ತುಂಬಿದರೆ ಅವೂ ಹಿಗ್ಗಿ ಹಾಳಾಗುತ್ತವೆ. ಐಸಿಯುನಲ್ಲಿ ಟೇಪ್ ಹಿಡಿದು ನೆತ್ತಿಯಿಂದ ಹಿಮ್ಮಡಿವರೆಗೆ ಎತ್ತರ ಅಳೆಯುವುದನ್ನು ನೀವು ನೋಡಿರಬಹುದು. ಮನುಷ್ಯ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ ನೋಡಿ. ಅದಕ್ಕೇ ಎತ್ತರದಿಂದ ತೂಕ ಲೆಕ್ಕ ಹಾಕಿ, ಕೆಜಿಗೆ 6 ಮಿಲಿಲೀಟರ್‌ನಂತೆ ಗಾಳಿ ಕೊಡುತ್ತೇವೆ. 165 ಸೆಂ.ಮೀ. ಎತ್ತರದ ಗಂಡಸಿಗೆ ಒಂದು ಉಸಿರಿಗೆ ಸುಮಾರು 370 ಮಿಲಿ. 2000ದಲ್ಲಿ 861 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ದೊಡ್ಡ ಉಸಿರು ಕೊಟ್ಟವರಲ್ಲಿ ನೂರಕ್ಕೆ 40 ಜನ ಸತ್ತರೆ, ಸಣ್ಣ ಉಸಿರಿನವರಲ್ಲಿ 31.

ಬೋರಲು ಮಲಗಿಸುವುದನ್ನು ನೋಡಿ ಮನೆಯವರಿಗೆ ಕರುಳು ಕಿವುಚುತ್ತದೆ. ಮುಖ ಊದಿಕೊಂಡು ಗುರುತೇ ಸಿಗುವುದಿಲ್ಲ. ಆದರೆ ಅಂಗಾತ ಮಲಗಿದಾಗ ನೆನೆದ ಶ್ವಾಸಕೋಶದ ಭಾರ ಮತ್ತು ಹೃದಯದ ಭಾರ ಎರಡೂ ಬೆನ್ನಿನ ಕಡೆಯ ಗೂಡುಗಳನ್ನು ಅಮುಕುತ್ತವೆ. ರಕ್ತ ಜಾಸ್ತಿ ಹರಿಯುವುದೂ ಆ ಕಡೆಗೇ. ಬೋರಲಾದರೆ ಹೃದಯ ಎದೆಮೂಳೆಗೆ ಒರಗುತ್ತದೆ, ಬೆನ್ನಿನ ಕಡೆ ಗೂಡುಗಳು ಬಿಚ್ಚಿಕೊಳ್ಳುತ್ತವೆ. 2013ರ ಫ್ರಾನ್ಸಿನ ಅಧ್ಯಯನದಲ್ಲಿ, ತೀವ್ರ ರೋಗಿಗಳನ್ನು ಹೀಗೆ ಮಲಗಿಸಿದಾಗ 28 ದಿನಗಳೊಳಗಿನ ಸಾವು ನೂರಕ್ಕೆ 33ರಿಂದ 16ಕ್ಕೆ ಇಳಿಯಿತು. ಯಾವ ದುಬಾರಿ ಔಷಧಿಯೂ ಇಷ್ಟು ಮಾಡಿಲ್ಲ. ಆದರೆ ಟ್ಯೂಬ್ ಕಳಚದ ಹಾಗೆ ಒಬ್ಬರನ್ನು ತಿರುಗಿಸಲು ನಾಲ್ಕೈದು ಜನ ಬೇಕು, ಅದೇ ಕಷ್ಟ.

ಇನ್ನು ಆ ಹಕ್ಕಳೆ. ಆ ನರ್ಸ್‌ಗೆ ಒಂದು ನಮಸ್ಕಾರ ಹೇಳಿ. ಸ್ಕ್ರಬ್ ಟೈಫಸ್ ಹರಡುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿದ ಜಾಗ ಅದು. ಬೀಡಿಯಿಂದ ಸುಟ್ಟ ಹಾಗೆ ಕಾಣುತ್ತದೆ. ನೋವು, ತುರಿಕೆ ಇರುವುದು ಕಡಿಮೆ. ಕಂಕುಳು, ತೊಡೆಸಂದಿ, ಉಡಿದಾರದ ಕೆಳಗೆ ಬಟ್ಟೆ ಬಿಚ್ಚಿ ಹುಡುಕದಿದ್ದರೆ ಸಿಗುವುದೇ ಇಲ್ಲ. ಜ್ವರಕ್ಕೆ ಸಾಮಾನ್ಯವಾಗಿ ಹಾಕುವ ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ ಈ ರೋಗಾಣುವಿಗೆ ನಾಟುವುದಿಲ್ಲ. ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್ ನಾಟುತ್ತದೆ. ತೋಟದ ಕೆಲಸ ಮಾಡುವವರು ಜ್ವರಕ್ಕೆ ಡಾಕ್ಟರ ಹತ್ತಿರ ಹೋದಾಗ ಕಳೆ ಕೆಲಸಕ್ಕೆ ಹೋಗಿದ್ದೆ ಎಂದು ತಾವೇ ಬಾಯಿಬಿಟ್ಟು ಹೇಳಬೇಕು.

ನೆಂಟರ ಮಾತಿಗೆ ಹೆದರಬೇಡಿ. ಬದುಕಿ ಬಂದವರಲ್ಲಿ ಹೆಚ್ಚಿನವರ ಶ್ವಾಸಕೋಶ ಆರು ತಿಂಗಳಿಂದ ವರ್ಷದೊಳಗೆ ಹೆಚ್ಚುಕಮ್ಮಿ ಮೊದಲಿನಂತಾಗುತ್ತದೆ. ಕೈಕಾಲಿನ ಶಕ್ತಿ ಬರುವುದೇ ನಿಧಾನ. ಕೆಲವರು ರಾತ್ರಿ ಬೆಚ್ಚಿ ಏಳುತ್ತಾರೆ, ಐಸಿಯು ನೆನಪಾಗಿ ಅಳುತ್ತಾರೆ. ಅದು ಹುಚ್ಚಲ್ಲ, ಡಾಕ್ಟರಿಗೆ ಹೇಳಿ. ಸದ್ಯಕ್ಕೆ ಅಂಗಳದಿಂದ ಕಾಫಿ ಕಣದವರೆಗೆ ನಡೆಸಿ, ಬೆರಳಿಗೆ ಮೀಟರ್ ಹಾಕಿ ನೋಡಿ. ನಡೆದಾಗ 90ಕ್ಕಿಂತ ಕೆಳಗಿಳಿದರೆ ತಡಮಾಡದೆ ತೋರಿಸಿ. ಮುಂದೆ ತೋಟಕ್ಕೆ ಹೋಗುವಾಗ ಗಂಬೂಟು, ತುಂಬು ತೋಳಿನ ಅಂಗಿ ಇರಲಿ. ವಾಪಸ್ ಬಂದ ಕೂಡಲೇ ಬಚ್ಚಲಿಗೆ ಹೋಗಿ ಸೋಪು ಹಾಕಿ ಸ್ನಾನ, ಬಟ್ಟೆ ನೇರ ಬಿಸಿನೀರಿಗೆ. ಸ್ನಾನ ಮಾಡುವಾಗ ಉಡಿದಾರ ಸರಿಸಿ ತೊಳೆಯಲಿ.